ತಗಡು ಶೀಟಿನ ಮಾಡಿರುವ ಹಾಲ್‌ನಲ್ಲಿ ನಾಟಕದ ಮಾತು ಕೇಳಿಸದಿದ್ದರೆ

ನಿಮ್ಮ ಶೀಟ್ ಹಾಲ್‌ನಲ್ಲಿ ನಾಟಕ ಆಡುವಾಗ ಹಿಂದಿನ ಸಾಲಿಗೆ ಮಾತು ಕೇಳಿಸಲ್ಲ, ವಾಲ್ಯೂಮ್ ಏರಿಸಿದರೆ ಮೈಕ್ ಕುಯ್ ಅನ್ನುತ್ತದೆ ಅಂದಿರಲ್ಲ, ಬಹುಶಃ ಸ್ಪೀಕರ್ ಬಾಕ್ಸ್‌ಗಳು ಮೈಕಿನ ಹಿಂದಿವೆ. ಬಾಕ್ಸಿನ ಸದ್ದನ್ನೇ ಮೈಕ್ ಮತ್ತೆ ಹಿಡಿದರೆ ಹಾಗೆ ಕೂಗುತ್ತದೆ. ಕಲಾವಿದರನ್ನು ಸುಮ್ನೆ ಬೈಬೇಡಿ.

ಮೊದಲು ಬಾಕ್ಸ್‌ಗಳನ್ನು ವೇದಿಕೆಯ ಮುಂದಕ್ಕೆ ತನ್ನಿ, ಮುಖ ಜನರ ಕಡೆಗಿರಲಿ. ಆಮೇಲೆ ಮೈಕ್‌ಗಳ ಸಂಖ್ಯೆ ಕಡಿಮೆ ಮಾಡಿ. ಮಡಿಕೇರಿ ಹತ್ತಿರದ ನಮ್ಮ ನಾಟಕದಲ್ಲಿ ಐದು ಮೈಕ್ ನೇತುಹಾಕಿದ್ದೆವು. ಎರಡು ತೆಗೆದ ಮೇಲೇ ಮಾತು ಬಿಡಿಬಿಡಿಯಾಗಿ ಕೇಳಿಸಿದ್ದು.

ಇನ್ನು ಮಳೆ. ನಿಮ್ಮ ನಾಟಕ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ, ಅಂದರೆ ಸೆಪ್ಟೆಂಬರ್ ಮೊದಲ ವಾರ. ಕೊಡಗಿನ ಮಳೆ ಅಷ್ಟು ಬೇಗ ಬಿಡಲ್ಲ ಅಲ್ವಾ? ಶೀಟಿನ ಮೇಲೆ ಜೋರಾಗಿ ಹೊಡೆದರೆ ಯಾವ ಮೈಕೂ ಸಾಲದು. ಆಗ ನಾಟಕವನ್ನು ಯಾವ ಮಾತಿನ ಹತ್ತಿರ ನಿಲ್ಲಿಸಬಹುದು ಅಂತ ತಾಲೀಮಿನಲ್ಲೇ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ರಾಜ ಹೋಗಿ ಸಿಂಹಾಸನದಲ್ಲಿ ಕೂತುಬಿಡುತ್ತಿದ್ದ, ಹಾರ್ಮೋನಿಯಂನವರು ಒಂದು ಮಟ್ಟು ಎತ್ತುತ್ತಿದ್ದರು. ಅದೂ ಕೇಳಿಸುತ್ತಿರಲಿಲ್ಲ, ಅದು ಬೇರೆ ಮಾತು. ಮಳೆ ತಗ್ಗಿದ ಮೇಲೆ ನಿಲ್ಲಿಸಿದ ಮಾತಿನಿಂದಲೇ ಶುರು.

ಇಷ್ಟಾದರೂ ಮಾತು ಕಲಸಿಕೊಂಡರೆ ಗೋಡೆಯ ಪ್ರತಿಧ್ವನಿ ಇರಬಹುದು. ಹಾಲ್ ನೋಡದೆ ಖಚಿತವಾಗಿ ಹೇಳಲಾರೆ. ಹಿಂದಿನ ಗೋಡೆಗೆ ದಪ್ಪ ಜಮಖಾನ ಇಳಿಬಿಟ್ಟು ಒಂದು ತಾಲೀಮು ಮಾಡಿ ನೋಡಿ.