ಅಡ್ಡ ನಿಂತ ಹುಡುಗಿಯ ಪರವಾಗಿ

ಕುಮಟಾದ ಓದುಗರೊಬ್ಬರು ಬರೆದಿದ್ದಾರೆ: ಮಗಳನ್ನು ಕರೆದುಕೊಂಡು ಕಾರವಾರದ ಕಡಲತೀರದ ಕಾರ್ಯಕ್ರಮಕ್ಕೆ ಹೋಗಿದ್ದರಂತೆ. ಮೂರು ತಾಸು ಕಾದರೂ ನಟಿಯ ಹಸ್ತಾಕ್ಷರ ಸಿಗಲಿಲ್ಲ. ನಟಿಯ ಪ್ರಚಾರ, ಓಡಾಟ ನೋಡಿಕೊಳ್ಳುವ ಪಿಆರ್‌ಒ ಹುಡುಗಿ ಅಡ್ಡ ನಿಂತು, ಕೈಮುಗಿದು, ಎಲ್ಲರನ್ನೂ ವಾಪಸು ಕಳಿಸಿದಳು. ‘ವಿಮಾನದಲ್ಲಿ ತಿರುಗಾಡಿ, ದೊಡ್ಡ ಹೋಟೆಲಿನಲ್ಲಿ ಉಂಡು, ಜನರನ್ನು ದೂಡುವುದೂ ಒಂದು ಉದ್ಯೋಗವೇ?’

ಸಂಪಾದಕರ ಉತ್ತರ: ಮಗುವಿನ ಬೇಸರ ಅರ್ಥವಾಗುತ್ತದೆ. ಗದರುವುದನ್ನೇ ಕೆಲಸ ಅಂದುಕೊಂಡ ಪಿಆರ್‌ಒಗಳೂ ಇದ್ದಾರೆ, ಒಪ್ಪಿದೆ. ಆದರೆ ಹೌದು, ಅದು ಉದ್ಯೋಗವೇ. ‘ಆಗುವುದಿಲ್ಲ’ ಅನ್ನುವುದು ಅದರಲ್ಲಿ ಎಲ್ಲಕ್ಕಿಂತ ಕಷ್ಟದ್ದು.

ಆಕೆಯ ಕೆಲಸ ಟಿಕೆಟ್ಟಿನಿಂದಲೇ ಶುರು. ಗೋವಾಕ್ಕೆ ಎಂದು ಬುಕ್ ಮಾಡಿದರೆ ಸಾಲದು. ಅಲ್ಲಿ ಎರಡು ವಿಮಾನ ನಿಲ್ದಾಣ: ಟಿಕೆಟ್ಟಿನಲ್ಲಿ ಜಿಒಐ ಅಂದರೆ ದಾಬೋಲಿ, ಜಿಒಎಕ್ಸ್ ಅಂದರೆ 2023ರಲ್ಲಿ ಶುರುವಾದ ಮೋಪಾ. ದಾಬೋಲಿಯಿಂದ ಕಾರವಾರ ಸುಮಾರು 90 ಕಿ.ಮೀ.; ಮೋಪಾದಲ್ಲಿ ಇಳಿದರೆ ಇಡೀ ಗೋವಾ ದಾಟಿ ಬರಬೇಕು. 2024ರ ಆಗಸ್ಟ್‌ನಲ್ಲಿ ಆ ದಾರಿಯ ಕಾಳಿ ನದಿಯ ಹಳೇ ಸೇತುವೆ ಕುಸಿದದ್ದು ನಿಮಗೇ ಗೊತ್ತು, ಅಲ್ಲಿಗೂ ಒಂದಿಷ್ಟು ಹೊತ್ತು ಹಿಡಿದಿಡಬೇಕು. ಮರುದಿನ ಶಿರಸಿಯಲ್ಲಿ ಕಾರ್ಯಕ್ರಮ ಇದ್ದರೆ ದೇವಿಮನೆ ಘಟ್ಟದಲ್ಲಿ ಮೊಬೈಲನ್ನು ನಂಬುವಂತಿಲ್ಲ. ಚಾಲಕರ, ಸಂಘಟಕರ ನಂಬರು, ವೇಳಾಪಟ್ಟಿ ಎಲ್ಲ ಕಾಗದದಲ್ಲಿ ಅಚ್ಚಾಗಿ ಪ್ರತಿ ಕಾರಿನಲ್ಲೂ ಇರಬೇಕು.

ಇನ್ನು ಕಡಲತೀರ. ‘ಹಿಂದೆ ಸಮುದ್ರ ಬರಲಿ’ ಎಂದು ಚಾನೆಲ್‌ನವರ ಹಟ. ಸಂಜೆ ಐದಕ್ಕೆ ಹಾಗೆ ನಿಲ್ಲಿಸಿದರೆ ಪಡುವಣದ ಬಿಸಿಲು ಬೆನ್ನಿಗೆ ಬಿದ್ದು ಮುಖ ಕಪ್ಪಾಗುತ್ತದೆ. ತಿರುಗಿಸಿದರೆ ಕಣ್ಣು ಬಿಡಲಾಗುವುದಿಲ್ಲ. ಹೊತ್ತು ಮುಳುಗಿದ ಮೇಲಿನ ಹತ್ತು-ಹದಿನೈದು ನಿಮಿಷವೇ ಸರಿ. ಅದು ಎರಡು ಚಾನೆಲ್‌ಗೆ ಸಾಕು, ಆರಕ್ಕೆ ಸಾಲದು. ಉಳಿದ ನಾಲ್ವರ ಸಿಟ್ಟೂ ಆಕೆಯ ಪಾಲಿಗೇ. ಎಸಿ ಕಾರಿನಿಂದ ತೆಗೆದ ಕ್ಯಾಮೆರಾದ ಲೆನ್ಸು ನಮ್ಮ ಸೆಕೆಗೆ ಮಂಜುಗಟ್ಟುತ್ತದೆ, ಇಪ್ಪತ್ತು ನಿಮಿಷ ಚೀಲದ ಬಾಯಿ ಮುಚ್ಚಿಯೇ ಹೊರಗಿಟ್ಟಿರಬೇಕು. ಕಾಲರ್ ಮೈಕಿಗೆ ತುಪ್ಪಳದ ಟೋಪಿ ಇಲ್ಲದಿದ್ದರೆ ಗಾಳಿಯ ಭೋರಾಟವೇ ಕೇಳುತ್ತದೆ.

ಪತ್ರಿಕಾ ಟಿಪ್ಪಣಿಯನ್ನು ಯೂನಿಕೋಡ್‌ನಲ್ಲೂ ಕಳಿಸಬೇಕು, ‘ನುಡಿ’ ತಂತ್ರಾಂಶದ ಅಕ್ಷರದಲ್ಲೂ ಕಳಿಸಬೇಕು; ಇಲ್ಲವಾದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಜಿಲ್ಲೆಯ ಪುಟಗಳು ಹುಬ್ಬಳ್ಳಿಯಲ್ಲಿ ಅಚ್ಚಾಗುವ ಪತ್ರಿಕೆಗಳು ರಾತ್ರಿಯ ಚಿತ್ರಕ್ಕೆ ಕಾಯುವುದಿಲ್ಲ. ಮಧ್ಯಾಹ್ನವೇ ಒಂದು ಚಿತ್ರ ತೆಗೆಸಿ, ಎಡದಿಂದ ಬಲಕ್ಕೆ ಹೆಸರು ಬರೆದು ಕಳಿಸಿರಬೇಕು. ಡಿ.ವಿ. ಸುಧೀಂದ್ರ ಅವರು 1976ರಲ್ಲಿ ಶ್ರೀ ರಾಘವೇಂದ್ರ ಚಿತ್ರವಾಣಿ ಎಂಬ ಪ್ರಚಾರ ಸಂಸ್ಥೆ ಕಟ್ಟಿ ಕನ್ನಡ ಚಿತ್ರರಂಗದಲ್ಲಿ ಈ ಕೆಲಸಕ್ಕೊಂದು ಗೌರವ ತಂದರು. ಅದನ್ನು ಬರೀ ಓಡಾಟ ಅನ್ನಬೇಡಿ.

ಮತ್ತೆ ಆ ‘ಆಗುವುದಿಲ್ಲ’. 1850ರಲ್ಲಿ ಬಾರ್ನಮ್ ಎಂಬ ಪ್ರಚಾರದ ದೈತ್ಯ ಸ್ವೀಡನ್ನಿನ ಗಾಯಕಿ ಜೆನ್ನಿ ಲಿಂಡ್‌ಳನ್ನು ಅಮೆರಿಕಕ್ಕೆ ಕರೆಸಿದ. ಕರಾರು 150 ಸಂಗೀತ ಕಚೇರಿಗಳದ್ದು. ಬಂದರಿನಲ್ಲೇ ಜನಸಾಗರ. ಆದರೆ ಅವನ ಪ್ರಚಾರದ ಅಬ್ಬರಕ್ಕೆ ಬೇಸತ್ತು, ನೂರು ಕಚೇರಿ ತುಂಬುವ ಮೊದಲೇ, 1851ರಲ್ಲಿ ಆಕೆ ಅವನನ್ನು ಬಿಟ್ಟಳು. ಜನರನ್ನು ಸೇರಿಸಬಲ್ಲವನ ಹತ್ತಿರ ಜನರನ್ನು ತಡೆಯುವವರು ಇರಲಿಲ್ಲ.

ನಿಮಗೊಂದು ಮಾತು, ಬೇಸರಿಸಬೇಡಿ. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಬಣ್ಣಕ್ಕೆ ಕೂತ ವೇಷಧಾರಿಯನ್ನು ಎಬ್ಬಿಸಿ ‘ಒಂದು ಫೋಟೋ’ ಎಂದು ಕೇಳುವ ಪದ್ಧತಿ ನಮ್ಮ ಹಿರಿಯರಲ್ಲಿ ಇರಲಿಲ್ಲ. ನಸುಕಿಗೇ ಮನೆಬಿಟ್ಟು ಬಂದ ನಟಿಗೆ ಆ ಮರ್ಯಾದೆ ಯಾಕಿಲ್ಲ? ನಿಮ್ಮ ಮೂರು ತಾಸನ್ನು ತಿಂದದ್ದು ಆ ಹುಡುಗಿಯಲ್ಲ. ನಮ್ಮ ವೇದಿಕೆಗಳಲ್ಲಿ ಸ್ವಾಗತ, ಪ್ರಾಸ್ತಾವಿಕ, ಹನ್ನೊಂದು ಗಣ್ಯರಿಗೆ ಶಾಲು, ಹಣ್ಣಿನ ಬುಟ್ಟಿ, ಒಬ್ಬೊಬ್ಬರಿಗೂ ‘ಎರಡೇ ಮಾತು’. ಅದು ಮುಗಿಯುವಷ್ಟರಲ್ಲಿ ಜನರನ್ನು ಮಾತಾಡಿಸಲೆಂದು ಬರೆದಿಟ್ಟ ಅರ್ಧ ತಾಸು ಹೋಗಿರುತ್ತದೆ. ಮೈಕು ಹಿಡಿದವರನ್ನು ಕೂರಿಸುವ ಧೈರ್ಯ ಯಾವ ಸಂಘಟಕರಿಗೂ ಇಲ್ಲ. ನಾವು ಪತ್ರಿಕೆಯವರೂ ಆ ಹನ್ನೊಂದು ಹೆಸರನ್ನು ತಪ್ಪದೆ ಅಚ್ಚು ಹಾಕಿ ಚಾಳಿ ಬೆಳೆಸಿದ್ದೇವೆ.

ಮುಂದಿನ ಸಲ ಕಾರಿನ ಬಳಿ ಕಾಯಬೇಡಿ. ಕಾರ್ಯಕ್ರಮಕ್ಕೆ ಒಂದು ತಾಸು ಮೊದಲು ಆ ಹುಡುಗಿಯನ್ನೇ ಹುಡುಕಿ. ಪುಸ್ತಕದಲ್ಲಿ ಸಹಿ ಬೇಕಾದ ಪುಟಕ್ಕೆ ಚೀಟಿ ಇಟ್ಟು, ಅದರ ಮೇಲೆ ಮಗಳ ಹೆಸರು, ನಿಮ್ಮ ಫೋನ್ ನಂಬರು ಬರೆದು ಕೊಡಿ. ಬಣ್ಣ ಹಚ್ಚಿಕೊಳ್ಳುವ ಹೊತ್ತಿನಲ್ಲಿ ನಟಿಯ ಒಂದು ಕೈ ಖಾಲಿ ಇರುತ್ತದೆ. ಪೆನ್ನನ್ನೂ ಜೊತೆಗೇ ಇಡಿ.