ಸಂಪಾದಕರ ಉತ್ತರ: ಏಳನೆಯ ತಿಂಗಳ ಗ್ರಹಣ, 28ನೆಯ ದಿನದ ಬೆನ್ನು

(ದಾವಣಗೆರೆ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ: "ನನ್ನ ತಮ್ಮನ ಮಗಳನ್ನೇ ಸೊಸೆಯಾಗಿ ತಂದುಕೊಂಡೆ. ಅವಳಿಗೆ ಏಳು ತಿಂಗಳಿದ್ದಾಗ, ಗ್ರಹಣದ ದಿನ, ಬೇಡವೆಂದರೂ ಈಳಿಗೆಮಣೆಯ ಮುಂದೆ ಕುಳಿತು ಸೊಪ್ಪು ಹೆಚ್ಚಿದಳು. ಹುಟ್ಟಿದ ಮಗುವಿನ ಸೊಂಟದ ಬಳಿ ಬೆನ್ನು ತೆರೆದುಕೊಂಡು ಗಂಟಾಗಿತ್ತು. ಆಪರೇಷನ್ ಆಗಿದೆ, ಕಾಲುಗಳಲ್ಲಿ ಶಕ್ತಿ ಕಡಿಮೆ. ಬಂಧುಗಳೆಲ್ಲ ಅವಳನ್ನೇ ದೂರುತ್ತಾರೆ. ಅವಳು ಮಗುವಿನೊಂದಿಗೆ ತವರಿನಲ್ಲಿದ್ದಾಳೆ. ಗ್ರಹಣದಿಂದಲೇ ಹೀಗಾಯಿತೇ? ಮುಂದಿನ ಮಗುವಿಗೂ ಆಗುತ್ತದೆಯೇ?" ಹೆಸರು ಪ್ರಕಟಿಸಬಾರದೆಂದು ಅವರು ಕೋರಿದ್ದಾರೆ.)

ಅಮ್ಮಾ,

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇಲ್ಲ. ಗ್ರಹಣದಿಂದ ಆಗಿಲ್ಲ, ಈಳಿಗೆಮಣೆಯಿಂದ ಆಗಿಲ್ಲ, ನಿಮ್ಮ ಸೊಸೆ ಮಾತು ಕೇಳದ್ದರಿಂದಲೂ ಆಗಿಲ್ಲ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ದಿನಗಳ ಲೆಕ್ಕ ಹಾಕಿದರೆ ನೀವೇ ಒಪ್ಪುತ್ತೀರಿ.

ಮಗುವಿಗೆ ಇರುವ ತೊಂದರೆಯನ್ನು ವೈದ್ಯರು ಸ್ಪೈನಾ ಬೈಫಿಡಾ ಎನ್ನುತ್ತಾರೆ. ಗರ್ಭ ನಿಂತ ಮೂರನೆಯ ವಾರದಲ್ಲಿ ಭ್ರೂಣವೆಂದರೆ ಮೂರು ಪದರಗಳ ಒಂದು ಚಪ್ಪಟೆ ಬಿಲ್ಲೆ, ಅಷ್ಟೇ. ಮುಂದೆ ಬೆನ್ನಾಗಬೇಕಾದ ಕಡೆ, ಮೇಲಿನ ಪದರದ ಒಂದು ಪಟ್ಟಿ ದಪ್ಪವಾಗುತ್ತದೆ. ಅದರ ನಡುವೆ ಹಳ್ಳ ಬೀಳುತ್ತದೆ, ಎರಡೂ ಅಂಚುಗಳು ಮೇಲೇಳುತ್ತವೆ. ಕರ್ಜಿಕಾಯಿಯ ಅಂಚುಗಳನ್ನು ನೀವು ಬೆರಳಿನಿಂದ ಒತ್ತಿ ಕೂಡಿಸುವ ಹಾಗೆ ಆ ಎರಡು ಅಂಚುಗಳು ಒಂದನ್ನೊಂದು ಮುಟ್ಟಿ ಬೆಸೆದುಕೊಳ್ಳುತ್ತವೆ. ಹಾಗೆ ಆದ ಕೊಳವೆಯೇ ಮುಂದೆ ಮಿದುಳು ಮತ್ತು ಬೆನ್ನುಹುರಿ. ಬೆಸುಗೆ ಸುಮಾರು 22ನೆಯ ದಿನ ಕತ್ತಿನ ಭಾಗದಲ್ಲಿ ಆರಂಭವಾಗಿ ಮೇಲಕ್ಕೂ ಕೆಳಕ್ಕೂ ಸಾಗುತ್ತದೆ. ತಲೆಯ ಕಡೆಯ ತುದಿ 25ನೆಯ ದಿನದ ಹೊತ್ತಿಗೆ ಮುಚ್ಚುತ್ತದೆ, ಸೊಂಟದ ಕಡೆಯದು 28ನೆಯ ದಿನದ ಹೊತ್ತಿಗೆ. ತಲೆಯ ಕಡೆ ಮುಚ್ಚದಿದ್ದರೆ ಮಿದುಳು, ಬುರುಡೆಯ ಮೇಲ್ಭಾಗ ಬೆಳೆಯುವುದಿಲ್ಲ, ಅಂಥ ಮಗು ಉಳಿಯುವುದಿಲ್ಲ. ಕೆಳಗಿನ ತುದಿ ತೆರೆದೇ ಉಳಿದರೆ ನಿಮ್ಮ ಮೊಮ್ಮಗುವಿಗೆ ಆದಂತೆ ಆಗುತ್ತದೆ.

28ನೆಯ ದಿನ ಎಂದರೆ ಯಾವಾಗ? ಮುಟ್ಟು ತಪ್ಪಿ ಎರಡು ವಾರವಾಗಿರುವ ಹೊತ್ತು. ಭ್ರೂಣ ಆಗ ಅರ್ಧ ಸೆಂಟಿಮೀಟರ್ ಕೂಡ ಇರುವುದಿಲ್ಲ. ಬಹುಪಾಲು ಹೆಣ್ಣುಮಕ್ಕಳು ತಾವು ಬಸುರಿಯೋ ಅಲ್ಲವೋ ಎಂದು ಇನ್ನೂ ಅನುಮಾನದಲ್ಲಿರುತ್ತಾರೆ. ನಿಮ್ಮ ಸೊಸೆ ಸೊಪ್ಪು ಹೆಚ್ಚಿದ್ದು ಏಳನೆಯ ತಿಂಗಳಲ್ಲಿ. ಮಗುವಿನ ಬೆನ್ನು ತೆರೆದು ಉಳಿದು ಆಗಲೇ ಐದು ತಿಂಗಳು ಕಳೆದಿತ್ತು. ಗ್ರಹಣದ ಮೇಲೆ ಹೊರಿಸುವ ಸೀಳುತುಟಿಯ ಮಾತೂ ಹೀಗೆಯೇ: ತುಟಿ ಕೂಡಿಕೊಳ್ಳುವುದು ಏಳನೆಯ ವಾರದ ಹೊತ್ತಿಗೆ, ಅಂಗುಳ ಹನ್ನೆರಡನೆಯ ವಾರದ ಹೊತ್ತಿಗೆ. ಗ್ರಹಣದ ದಿನ ತುಂಬು ಬಸುರಿಯರನ್ನು ನೀರನ್ನೂ ಕೊಡದೆ ಕತ್ತಲೆ ಕೋಣೆಯಲ್ಲಿ ಕೂರಿಸುವ ಮನೆಗಳು ಇಂದಿಗೂ ಇವೆ. ತೊಂದರೆಯಾಗುವುದಿದ್ದರೆ ಆ ಬಾಯಾರಿಕೆಯಿಂದ ಆದೀತು.

ಬೆಳೆಯುವ ಭ್ರೂಣದಲ್ಲಿ ಒಂದೊಂದು ಅಂಗಕ್ಕೂ ಅದರದೇ ದಿನಗಳಿವೆ ಎಂಬುದನ್ನು ಜಗತ್ತು ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆ ಮಾರುಕಟ್ಟೆಗೆ ಬಂದಿತು. ಬಸುರಿಯರ ವಾಕರಿಕೆಗೂ ಅದನ್ನು ಕೊಟ್ಟರು. 1961ರ ನವೆಂಬರ್‌ನಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು. ಅದರಿಂದ ಅಂಗವಿಕಲರಾದ ಮಕ್ಕಳು ಹಲವು ದೇಶಗಳಲ್ಲಿ ಸೇರಿ 10,000ಕ್ಕೂ ಹೆಚ್ಚು. ತಾಯಂದಿರು ಮಾತ್ರೆ ನುಂಗಿದ ದಿನಾಂಕಗಳನ್ನು ವೈದ್ಯರು ಜೋಡಿಸಿ ನೋಡಿದಾಗ, ಗರ್ಭ ನಿಂತ ಸುಮಾರು 20ರಿಂದ 36ನೆಯ ದಿನದೊಳಗೆ ತೆಗೆದುಕೊಂಡವರ ಮಕ್ಕಳಿಗೇ ಹಾನಿಯಾಗಿತ್ತು. ಮೊದಲ ದಿನಗಳಲ್ಲಿ ನುಂಗಿದ್ದರೆ ಕಿವಿ, ಆಮೇಲೆ ಕೈ, ಇನ್ನೂ ತಡವಾದರೆ ಕಾಲು. ಆ ತಾಯಂದಿರನ್ನೂ ನೆರೆಹೊರೆಯವರು ಶಂಕಿಸಿರಲೇಬೇಕು.

ಹಾಗಾದರೆ ನಿಮ್ಮ ಮನೆಯಲ್ಲಿ ಕಾರಣವೇನು? ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲು ಯಾರಿಗೂ ಆಗದು. ಹುಟ್ಟಿನಿಂದ ಬರುವ ದೋಷಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಖಚಿತ ಕಾರಣ ಸಿಗುವುದಿಲ್ಲ. ಬೆನ್ನಿನ ಈ ದೋಷಕ್ಕೆ ಹಲವು ಸಂಗತಿಗಳು ಸೇರುತ್ತವೆ: ತಂದೆ ತಾಯಿ ಇಬ್ಬರಿಂದಲೂ ಬರುವ ವಂಶವಾಹಿಗಳು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೊಯೇಟ್ ಮಾತ್ರೆ, ಎಲ್ಲಕ್ಕಿಂತ ಮುಖ್ಯವಾಗಿ ತಾಯಿಯ ರಕ್ತದಲ್ಲಿ ಫೋಲಿಕ್ ಆಮ್ಲ ಎಂಬ ವಿಟಮಿನ್ನಿನ ಕೊರತೆ. ಸೋದರ ಸಂಬಂಧದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಅಣ್ಣತಂಗಿಯರ ಮಕ್ಕಳು ಮದುವೆಯಾದಾಗ ಹುಟ್ಟು ದೋಷಗಳ ಸಾಧ್ಯತೆ ನೂರಕ್ಕೆ ಮೂರರಿಂದ ಆರಕ್ಕೆ ಏರಿದ್ದು ಕಂಡುಬಂದಿತು. ನೂರಕ್ಕೆ 94 ಮಕ್ಕಳು ಅಲ್ಲಿಯೂ ಸರಿಯಾಗಿಯೇ ಹುಟ್ಟಿದರು. ನಿಮ್ಮ ಮೊಮ್ಮಗುವಿಗೆ ಅದೇ ಕಾರಣ ಎನ್ನಲಾಗದು. ಒಂದು ವೇಳೆ ಇದ್ದರೂ, ಆ ಸಂಬಂಧ ಬೆಳೆಸಿದವರು ಹಿರಿಯರು, ಆ ಹುಡುಗಿಯಲ್ಲ.

ಫೋಲಿಕ್ ಆಮ್ಲದ ಕಥೆಗೆ ನಮ್ಮ ದೇಶದ ನಂಟಿದೆ. 1920ರ ದಶಕದ ಕೊನೆಯಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಬಸುರಿಯರನ್ನು ಕಾಡುತ್ತಿದ್ದ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಈಸ್ಟ್ ಸಾರವನ್ನು ತಿನ್ನಿಸಿದಾಗ ಅವರು ಚೇತರಿಸಿಕೊಂಡರು. ಅದರಲ್ಲಿದ್ದ ಗುಣಕಾರಿ ವಸ್ತು ಫೋಲೇಟ್, ಅಂದರೆ ಆಹಾರದಲ್ಲಿರುವ ಫೋಲಿಕ್ ಆಮ್ಲದ ರೂಪ, ಎಂದು ತಿಳಿದದ್ದು ಆಮೇಲೆ. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆಯ ಫಲ ಹೊರಬಂದಿತು. ಏಳು ದೇಶಗಳ 33 ಕೇಂದ್ರಗಳಲ್ಲಿ, ನಿಮ್ಮ ಸೊಸೆಯಂತೆಯೇ ಮೊದಲು ಇಂಥ ಮಗುವನ್ನು ಹೆತ್ತ 1,817 ಮಹಿಳೆಯರು ಅದರಲ್ಲಿದ್ದರು. ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ತೆಗೆದುಕೊಂಡವರಲ್ಲಿ 6 ಮಕ್ಕಳಿಗೆ, ತೆಗೆದುಕೊಳ್ಳದವರಲ್ಲಿ 21 ಮಕ್ಕಳಿಗೆ ದೋಷ ಮರುಕಳಿಸಿತು. ನೂರಕ್ಕೆ 72ರಷ್ಟು ರಕ್ಷಣೆ. ಫಲ ಇಷ್ಟು ಸ್ಪಷ್ಟವಾಗಿದ್ದುದರಿಂದ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ನನಗೆ ಸಂಕಟವಾಗುವುದು ಇಲ್ಲಿ. ಇದು ಗೊತ್ತಾಗಿ ಮೂರು ದಶಕಗಳು ಕಳೆದರೂ ನಮ್ಮಲ್ಲಿ ಫೋಲಿಕ್ ಆಮ್ಲವೆಂದರೆ ಬಸುರಿಯರ ಮಾತ್ರೆ ಎಂದೇ ತಿಳಿದಿದ್ದೇವೆ. ದಿನ ತಪ್ಪಿ, ಪರೀಕ್ಷೆಯಾಗಿ, ಆಶಾ ಕಾರ್ಯಕರ್ತೆ ಬಂದು, ತಾಯಿ ಕಾರ್ಡ್ ಆಗುವ ಹೊತ್ತಿಗೆ ಬೆನ್ನು ಮುಚ್ಚುವ ದಿನ ದಾಟಿರುತ್ತದೆ. ದಿನಕ್ಕೆ 400 ಮೈಕ್ರೋಗ್ರಾಂನ ಆ ಮಾತ್ರೆಯನ್ನು ಮಗು ಬೇಕೆಂದುಕೊಂಡ ದಿನದಿಂದಲೇ ನುಂಗಬೇಕು. ಮದುವೆಗೆ ಲಕ್ಷಗಟ್ಟಲೆ ಖರ್ಚು ಮಾಡುವ ಮನೆಗಳು ಈ ಅಗ್ಗದ ಮಾತ್ರೆಯನ್ನು ಸೊಸೆಯ ಕೈಗೆ ಕೊಡಲು ಮರೆಯುತ್ತವೆ. ನಿಮ್ಮ ಸೊಸೆಗೆ ಇದನ್ನು ಮೊದಲೇ ಹೇಳುವವರು ಯಾರೂ ಇರಲಿಲ್ಲ ಎಂದು ನಿಮ್ಮ ಪತ್ರದಿಂದ ತಿಳಿಯುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಒಮ್ಮೆ ಹೀಗಾದ ತಾಯಿಗೆ ಮತ್ತೆ ಆಗುವ ಸಾಧ್ಯತೆ ನೂರಕ್ಕೆ ಎರಡರಿಂದ ಐದು. ಫೋಲಿಕ್ ಆಮ್ಲದಿಂದ ಅದು ಇನ್ನೂ ಬಹಳ ಕಡಿಮೆಯಾಗುತ್ತದೆ. ಆದರೆ ಅವಳಿಗೆ ಬೇಕಾದದ್ದು ಸಾಮಾನ್ಯ ಪ್ರಮಾಣದ ಸುಮಾರು ಹತ್ತು ಪಟ್ಟು. ಅಂಗಡಿಯಿಂದ ತಾವೇ ತಂದು ನುಂಗದೆ, ವೈದ್ಯರ ಸಲಹೆಯಂತೆ ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲು, ಸಾಧ್ಯವಾದರೆ ಮೂರು ತಿಂಗಳು ಮೊದಲು, ಆರಂಭಿಸಿ ಹನ್ನೆರಡು ವಾರ ತುಂಬುವವರೆಗೆ ಮುಂದುವರಿಸಬೇಕು. ಸಕ್ಕರೆಯ ಪರೀಕ್ಷೆ, ವಿಟಮಿನ್ ಬಿ12 ಪರೀಕ್ಷೆ ಮೊದಲೇ ಆಗಲಿ. ಫಿಟ್ಸ್ ಮಾತ್ರೆ ಇದ್ದರೆ ತಾನಾಗಿ ನಿಲ್ಲಿಸಬಾರದು, ವೈದ್ಯರೇ ಬದಲಿಸಬೇಕು. ಗರ್ಭ ನಿಂತ ಮೇಲೆ 18ರಿಂದ 20ನೆಯ ವಾರದ ಸ್ಕ್ಯಾನ್ ತಪ್ಪಿಸಬೇಡಿ.

ಅದಕ್ಕಿಂತ ಮೊದಲು ಅವಳನ್ನು ಮನೆಗೆ ಕರೆತನ್ನಿ. ನೀವೇ ಹೋಗಿ ಕರೆಯಿರಿ, ಮಗನನ್ನಷ್ಟೇ ಕಳುಹಿಸಬೇಡಿ. ಅತ್ತೆಯಾಗುವ ಮೊದಲೇ ನೀವು ಅವಳಿಗೆ ಸೋದರತ್ತೆ. ಬಂಧುಗಳ ಎದುರಿನಲ್ಲಿ "ಇದು ನನ್ನ ಸೊಸೆಯ ತಪ್ಪಲ್ಲ" ಎಂದು ನೀವು ಒಂದು ಸಲ ಹೇಳಿದರೆ ಅದರ ತೂಕವೇ ಬೇರೆ.

ಮಗುವಿಗೆ ಈಗ ಮಾಡಬೇಕಾದ ಕೆಲಸಗಳಿವೆ. ತಲೆಯ ಸುತ್ತಳತೆಯನ್ನು ವೈದ್ಯರು ಹೇಳಿದ ಅಂತರದಲ್ಲಿ ಅಳೆಸಿ. ತಲೆ ಬೇಗ ದೊಡ್ಡದಾಗುತ್ತಿದ್ದರೆ, ಪದೇ ಪದೇ ವಾಂತಿಯಾಗುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಮಿದುಳಿನಲ್ಲಿ ನೀರು ತುಂಬುತ್ತಿರಬಹುದು. ಕಾಲಿನ ಕಡೆಗೇ ಗಮನವಿಟ್ಟು ಮೂತ್ರಕೋಶವನ್ನು ಮರೆಯುವವರು ಹೆಚ್ಚು. ಮೂತ್ರ ಪೂರ್ತಿ ಖಾಲಿಯಾಗದಿದ್ದರೆ ಕಿಡ್ನಿ ಸದ್ದಿಲ್ಲದೆ ಕೆಡುತ್ತದೆ, ಆದ್ದರಿಂದ ಆ ಪರೀಕ್ಷೆಗಳನ್ನು ಕೇಳಿ ಮಾಡಿಸಿಕೊಳ್ಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ದೋಷವೂ ಇದೆ, ಚಿಕಿತ್ಸೆ ಉಚಿತ. ಜಿಲ್ಲಾ ಆಸ್ಪತ್ರೆಗೆ ಹೋಗಿ ಡಿಇಐಸಿ (ಮಕ್ಕಳ ತೊಂದರೆಗಳಿಗೆ ಬೇಗನೆ ನೆರವು ಕೊಡುವ ಜಿಲ್ಲಾ ಕೇಂದ್ರ) ಎಂದು ಕೇಳಿದರೆ ತೋರಿಸುತ್ತಾರೆ. ಆಪರೇಷನ್ನಿನ ಕಾಗದಗಳನ್ನೆಲ್ಲ ಜೊತೆಗೆ ಒಯ್ಯಿರಿ.