ಹನ್ನೊಂದೂವರೆಯ ಕುರ್ಚಿ: ಒಂದು ಹಸ್ತಪ್ರತಿಗೆ ಸಂಪಾದಕರ ಉತ್ತರ

ಮಾನ್ಯರೇ,

‘ರಾತ್ರಿಯ ರಾಜ ಯಾರು?’ ಎಂಬ ನಿಮ್ಮ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇಷ್ಟನ್ನೇ ಒಂದು ಸಾಲಿನಲ್ಲಿ ತಿಳಿಸಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಆದರೆ ನಿಮ್ಮ ಹಸ್ತಪ್ರತಿಯ ಏಳನೆಯ ಪುಟದಲ್ಲಿರುವ ಒಂದು ಪ್ಯಾರಾ ನನ್ನನ್ನು ಹಾಗೆ ಮಾಡಲು ಬಿಡಲಿಲ್ಲ. ಅದರ ಮಾತು ಮುಂದೆ ಬರುತ್ತದೆ.

ನಿಮ್ಮ ವಾದವನ್ನು ನಾನು ಸರಿಯಾಗಿ ಗ್ರಹಿಸಿದ್ದರೆ ಅದು ಹೀಗಿದೆ. ಅಮೆರಿಕದ ತಡರಾತ್ರಿಯ ಟಾಕ್ ಶೋಗಳಲ್ಲಿ ಡೇವಿಡ್ ಲೆಟರ್‌ಮನ್‌ಗೆ ಸಮಾನರಿಲ್ಲ. ಮೂವತ್ತು ವರ್ಷ ‘ಟುನೈಟ್ ಶೋ’ ನಡೆಸಿ 1992ರ ಮೇ ತಿಂಗಳಲ್ಲಿ ನಿವೃತ್ತರಾದ ಜಾನಿ ಕಾರ್ಸನ್, ತಮ್ಮ ಕುರ್ಚಿಯನ್ನು ಲೆಟರ್‌ಮನ್‌ಗೆ ಕೊಡದೆ ಜೇ ಲೆನೋಗೆ ಕೊಟ್ಟು ತಪ್ಪು ಮಾಡಿದರು. ಆ ಲೆನೋ 2010ರಲ್ಲಿ ಕೋನನ್ ಒಬ್ರಯನ್ ಅವರಿಂದ ಅದೇ ಕುರ್ಚಿಯನ್ನು ಮತ್ತೆ ಕದ್ದರು. ಆಮೇಲೆ ಬಂದ ನಿರೂಪಕರಾದ ಕೋಲ್ಬೇರ್, ಫ್ಯಾಲನ್, ಕಿಮ್ಮೆಲ್ ಮೂವರೂ ಹಳಬರ ನೆರಳುಗಳು. ಇದರಲ್ಲಿ ಒಂದು ಮಾತು ವಾಸ್ತವವಾಗಿ ತಪ್ಪು, ಒಂದು ಅರ್ಧ ಸತ್ಯ, ಉಳಿದವು ನಿಮ್ಮ ಅಭಿರುಚಿ. ಅಭಿರುಚಿಯ ಬಗ್ಗೆ ನನಗೆ ತಕರಾರಿಲ್ಲ. ಅದನ್ನು ನೀವು ಓದುಗರ ಮುಂದೆ ಇಟ್ಟಿರುವ ರೀತಿಯ ಬಗ್ಗೆ ಇದೆ.

ಪೆನ್ಸಿಲು ಹಿಡಿದು ಎಣಿಸಿದೆ: ‘ಅದ್ಭುತ’ ಎಂಬ ಪದ ಹದಿನಾಲ್ಕು ಸಲ ಬಂದಿದೆ, ಎಲ್ಲವೂ ಲೆಟರ್‌ಮನ್ ಪಾಲಿಗೆ, ‘ಸಪ್ಪೆ’ ಒಂಬತ್ತು ಸಲ ಬಂದಿದೆ, ಎಲ್ಲವೂ ಲೆನೋ ಪಾಲಿಗೆ. ಆದರೆ ಲೆಟರ್‌ಮನ್ ಒಂದು ರಾತ್ರಿ ಏನು ಮಾಡಿದರು, ಏನು ಹೇಳಿದರು, ಜನ ಯಾಕೆ ನಕ್ಕರು ಎಂಬುದು ಹದಿಮೂರು ಪುಟಗಳಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಓದುಗರಲ್ಲಿ ಹೆಚ್ಚಿನವರು ಈ ಕಾರ್ಯಕ್ರಮಗಳನ್ನು ನೋಡಿದವರಲ್ಲ. ಊಟವನ್ನು ಬಡಿಸದೆ ರುಚಿಯನ್ನು ಹೊಗಳುತ್ತಾ ಹೋದರೆ ಎಲೆಯ ಮುಂದೆ ಕೂತವರು ಎಷ್ಟು ಹೊತ್ತು ಕಾದಾರು?

ಒಂದು ಉದಾಹರಣೆ ಕೊಡುತ್ತೇನೆ. 1982ರ ಫೆಬ್ರವರಿಯಿಂದ ಎನ್‌ಬಿಸಿ ಚಾನೆಲ್ಲಿನಲ್ಲಿ, ‘ಟುನೈಟ್ ಶೋ’ ಮುಗಿದ ನಂತರ ಹನ್ನೆರಡೂವರೆಗೆ ಬರುತ್ತಿದ್ದ ಲೆಟರ್‌ಮನ್, ಕುರ್ಚಿ ಕೈತಪ್ಪಿದ ಮೇಲೆ ಎದುರಾಳಿ ಚಾನೆಲ್ಲಾದ ಸಿಬಿಎಸ್‌ಗೆ ಹೋದರು. ಅವರು ಹೊರಟಾಗ ಎನ್‌ಬಿಸಿ, ‘ಟಾಪ್ ಟೆನ್’ ಎಂಬ ಹತ್ತು ಜೋಕುಗಳ ಪಟ್ಟಿಯಂಥ ಅವರ ಹಳೆಯ ಬಾಬತ್ತುಗಳೆಲ್ಲ ತನ್ನ ಬೌದ್ಧಿಕ ಆಸ್ತಿ ಎಂದು ತಗಾದೆ ತೆಗೆಯಿತು. 1993ರ ಆಗಸ್ಟ್ 30ರಂದು ನ್ಯೂಯಾರ್ಕಿನ ಎಡ್ ಸಲಿವನ್ ಥಿಯೇಟರಿನಲ್ಲಿ ಹೊಸ ಕಾರ್ಯಕ್ರಮದ ಮೊದಲ ರಾತ್ರಿ. ಲೆಟರ್‌ಮನ್ ಆರಂಭದ ಜೋಕುಗಳನ್ನು ಹೇಳುತ್ತಿರುವಾಗ ಎನ್‌ಬಿಸಿಯ ವಾರ್ತಾ ನಿರೂಪಕ ಟಾಮ್ ಬ್ರೋಕಾ ಸ್ವತಃ ವೇದಿಕೆಗೆ ನಡೆದು ಬಂದು, ಜೋಕು ಬರೆದಿಟ್ಟ ಹಲಗೆಗಳಲ್ಲಿ ಎರಡನ್ನು ಎತ್ತಿಕೊಂಡು, ಇವು ಎನ್‌ಬಿಸಿಯ ಬೌದ್ಧಿಕ ಆಸ್ತಿ ಎಂದು ಹೇಳಿ ಹೊರಟೇಬಿಟ್ಟರು. ‘ಬೌದ್ಧಿಕ’ ಎಂಬ ಪದವೂ ‘ಎನ್‌ಬಿಸಿ’ ಎಂಬ ಹೆಸರೂ ಒಂದೇ ವಾಕ್ಯದಲ್ಲಿ ಕೇಳಿಬರುತ್ತವೆಂದು ಯಾರು ಊಹಿಸಿದ್ದರು ಎಂಬ ಅರ್ಥದ ಮಾತನ್ನು ಲೆಟರ್‌ಮನ್ ಅಲ್ಲಿಯೇ ಆಡಿದರು. ತನಗೆ ನೋವು ಕೊಟ್ಟ ಸಂಸ್ಥೆಯನ್ನು ಅದರದೇ ನೌಕರನ ಕೈಯಿಂದ ಗೇಲಿ ಮಾಡಿಸುವ ಈ ಬಗೆ ಲೆಟರ್‌ಮನ್‌ನ ಕಸುಬು. ಇದನ್ನು ಎಂಟು ಸಾಲಿನಲ್ಲಿ ಬರೆದರೆ ನಿಮ್ಮ ಹದಿನಾಲ್ಕು ‘ಅದ್ಭುತ’ಗಳಲ್ಲಿ ಒಂದೂ ಬೇಕಾಗುವುದಿಲ್ಲ.

ಈಗ ತಪ್ಪಿನ ವಿಷಯ. ಕಾರ್ಸನ್ ಕುರ್ಚಿಯನ್ನು ಯಾರಿಗೂ ಕೊಡಲಿಲ್ಲ. ಅದು ಕೊಡುವ ಅಧಿಕಾರ ಎನ್‌ಬಿಸಿಯದಾಗಿತ್ತು, ಕೊಟ್ಟದ್ದೂ ಅದೇ. ಕಾರ್ಸನ್‌ಗೆ ಯಾರು ಬೇಕಾಗಿತ್ತು ಎಂಬುದನ್ನು ಅವರ ಬಾಯಿಂದ ಕೇಳುವುದಕ್ಕಿಂತ ಎರಡು ರಾತ್ರಿಗಳಿಂದ ತಿಳಿಯುವುದು ಮೇಲು, ಮತ್ತು ಆ ಎರಡೂ ನಿಮ್ಮ ಲೇಖನದಲ್ಲಿಲ್ಲ. 1994ರ ಮೇ ತಿಂಗಳಲ್ಲಿ ಲೆಟರ್‌ಮನ್ ತಂಡ ಲಾಸ್ ಏಂಜಲೀಸ್‌ಗೆ ಬಂದಿದ್ದಾಗ, ‘ಟಾಪ್ ಟೆನ್’ ಪಟ್ಟಿಯ ಕಾಗದವನ್ನು ಹಿಡಿದು ಕಾರ್ಸನ್ ವೇದಿಕೆಗೆ ಬಂದರು. ಸಭೆ ಎದ್ದು ನಿಂತಿತು. ಅವರು ಹೋಗಿ ಲೆಟರ್‌ಮನ್‌ನ ಮೇಜಿನ ಹಿಂದೆ ಕೂತರು, ಏನೂ ಮಾತಾಡದೆ ಎದ್ದು ಹೋದರು. ಟೀವಿಯಲ್ಲಿ ಅವರು ಕಾಣಿಸಿಕೊಂಡದ್ದು ಅದೇ ಕೊನೆ. 2005ರ ಜನವರಿ 23ರಂದು ಕಾರ್ಸನ್ ತೀರಿಕೊಂಡ ಮುಂದಿನ ವಾರ ಲೆಟರ್‌ಮನ್ ಎಂದಿನಂತೆ ಆರಂಭದ ಜೋಕುಗಳನ್ನು ಹೇಳಿದರು, ಜನ ಎಂದಿನಂತೆ ನಕ್ಕರು. ಆಮೇಲಷ್ಟೇ, ಈ ಜೋಕುಗಳನ್ನೆಲ್ಲ ಬರೆದವರು ಕಾರ್ಸನ್, ನಿವೃತ್ತರಾದ ಮೇಲೆ ಅವರು ಮನೆಯಿಂದ ನನಗೆ ಕಳಿಸುತ್ತಿದ್ದರು ಎಂದು ತಿಳಿಸಿದರು. ಕುರ್ಚಿ ಒಬ್ಬನಿಗೆ ಹೋಯಿತು, ಜೋಕುಗಳು ಇನ್ನೊಬ್ಬನಿಗೆ ಹೋದವು. ನೀವು ಈ ಸಂಗತಿಯನ್ನು ಬಿಟ್ಟು ‘ಕಾರ್ಸನ್ ತಪ್ಪು ಮಾಡಿದರು’ ಎಂದು ಬರೆದದ್ದನ್ನು ಓದಿ, ನಿಜ ಹೇಳುತ್ತೇನೆ, ಹೊಟ್ಟೆ ಉರಿಯಿತು.

ಲೆನೋ ‘ಕುರ್ಚಿ ಕಳ್ಳ’ ಎಂಬುದು ಅರ್ಧ ಸತ್ಯ. ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಲೇಖನದ ಅತ್ಯಂತ ಸಿಟ್ಟಿನ ಪುಟಗಳು ಇವೇ, ಅತ್ಯಂತ ತೆಳುವಾದವೂ ಇವೇ. ಲೆಟರ್‌ಮನ್ ಬಿಟ್ಟುಹೋದ ಹನ್ನೆರಡೂವರೆಯ ಜಾಗದಲ್ಲಿದ್ದ ಕೋನನ್ ಬೇರೆ ಕಡೆ ಹೋಗಿಬಿಟ್ಟಾರೆಂಬ ಭಯದಿಂದ ಎನ್‌ಬಿಸಿ 2004ರಲ್ಲಿಯೇ, ಐದು ವರ್ಷದ ನಂತರ ‘ಟುನೈಟ್ ಶೋ’ ನಿಮ್ಮದು ಎಂದು ಅವರಿಗೆ ಮಾತು ಕೊಟ್ಟಿತು. ಆಗ ರೇಟಿಂಗ್‌ನಲ್ಲಿ ಲೆನೋ ಮೊದಲ ಸ್ಥಾನದಲ್ಲಿದ್ದರು. 2009ರಲ್ಲಿಯೂ ಅಲ್ಲಿಯೇ ಇದ್ದರು. ಮಾತಿನಂತೆ ಆ ವರ್ಷ ಕುರ್ಚಿ ಕೋನನ್‌ಗೆ ಹೋದಾಗ, ಲೆನೋ ಬೇರೆ ಚಾನೆಲ್ಲಿಗೆ ಹೋದರೆ ಎಂಬ ಇನ್ನೊಂದು ಭಯ. ಆದ್ದರಿಂದ ಅವರಿಗೆ ರಾತ್ರಿ ಹತ್ತಕ್ಕೆ, ವಾರದಲ್ಲಿ ಐದು ದಿನ, ಪ್ರತ್ಯೇಕ ಕಾರ್ಯಕ್ರಮ ಕೊಟ್ಟರು; ಆ ಹೊತ್ತಿನ ಧಾರಾವಾಹಿಗಳಿಗಿಂತ ಅದು ಅಗ್ಗವೂ ಆಗಿತ್ತು. ಹತ್ತರ ಕಾರ್ಯಕ್ರಮಕ್ಕೆ ಜನ ಕಡಿಮೆಯಾದಾಗ ಅದರ ಬೆನ್ನಿಗೆ ಹನ್ನೊಂದಕ್ಕೆ ಬರುವ ಸ್ಥಳೀಯ ವಾರ್ತೆಗಳಿಗೂ ಜನ ಕಡಿಮೆಯಾದರು, ಊರೂರಿನ ಸ್ಟೇಷನ್ನುಗಳು ತಿರುಗಿಬಿದ್ದವು. ಲೆನೋಗೆ ಹನ್ನೊಂದು ಮೂವತ್ತೈದರಿಂದ ಅರ್ಧ ಗಂಟೆ, ‘ಟುನೈಟ್ ಶೋ’ ಹನ್ನೆರಡು ಐದಕ್ಕೆ ಎಂಬ ಪರಿಹಾರವನ್ನು ಎನ್‌ಬಿಸಿ ಮುಂದಿಟ್ಟಿತು. 2010ರ ಜನವರಿ 12ರಂದು ಕೋನನ್ ‘ಭೂಲೋಕದ ಜನರೇ’ ಎಂಬ ಸಂಬೋಧನೆಯ ಬಹಿರಂಗ ಪತ್ರ ಬರೆದು ಅದನ್ನು ನಿರಾಕರಿಸಿದರು. ಮಧ್ಯರಾತ್ರಿ ದಾಟಿದ ಮೇಲೆ ಬರುವುದು ‘ಟುನೈಟ್ ಶೋ’ ಹೇಗಾದೀತು ಎಂಬುದು ಅವರ ವಾದ. ಹತ್ತು ದಿನದಲ್ಲಿ ಅವರ ಕೊನೆಯ ಕಾರ್ಯಕ್ರಮ ನಡೆಯಿತು, ಮಾರ್ಚ್ 1ಕ್ಕೆ ಲೆನೋ ಹಿಂದಿರುಗಿದರು.

ಇಷ್ಟು ಓದಿದ ಮೇಲೂ ನೀವು ಲೆನೋ ಅವರನ್ನು ದೂರಬಹುದು. ಕರೆದಾಗ ‘ಬೇಡ’ ಎನ್ನುವ ದಾರಿ ಅವರಿಗಿತ್ತು, ಅವರು ಅನ್ನಲಿಲ್ಲ. ನಿಮ್ಮ ಪಕ್ಷದ ಅತ್ಯಂತ ಗಟ್ಟಿ ಮಾತು ಇದೇ, ಇದನ್ನೇ ನೀವು ಬರೆದಿಲ್ಲ. ಬದಲಿಗೆ ಕಾರ್ಸನ್ ನಂತರದ ಉತ್ತರಾಧಿಕಾರದ ಗಲಾಟೆಯಲ್ಲಿ ಲೆನೋ ಒಂದು ಸಣ್ಣ ಕೋಣೆಯಲ್ಲಿ ಬಚ್ಚಿಟ್ಟುಕೊಂಡು ಎನ್‌ಬಿಸಿ ಅಧಿಕಾರಿಗಳ ಫೋನ್ ಸಭೆಯನ್ನು ಕದ್ದು ಕೇಳಿದ ಪ್ರಸಂಗವನ್ನು ಎರಡು ಪುಟ ಎಳೆದಿದ್ದೀರಿ. ಪತ್ರಕರ್ತ ಬಿಲ್ ಕಾರ್ಟರ್ ದಾಖಲಿಸಿದ ಆ ಪ್ರಸಂಗ ನಿಜ. ಆದರೆ ಕೋಟಿಗಟ್ಟಲೆ ಹಣದ ಕೆಲಸ ಉಳಿಯುತ್ತದೋ ಹೋಗುತ್ತದೋ ಎಂದು ಕತ್ತಲೆ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತ ಮನುಷ್ಯ ನನಗೆ ಖಳನಾಯಕನಂತೆ ಕಾಣುವುದಿಲ್ಲ. ಯಾವುದೋ ಸಣ್ಣ ಕಚೇರಿಯಲ್ಲಿ ವರ್ಗಾವಣೆ ಆದೇಶಕ್ಕಾಗಿ ಬಾಗಿಲ ಸಂದಿಗೆ ಕಿವಿಗೊಟ್ಟ ಗುಮಾಸ್ತನಂತೆ ಕಾಣುತ್ತಾನೆ. ನೀವು ಅವನ ಮೇಲೆ ಕರುಣೆ ತೋರಬೇಕಿಲ್ಲ, ಅವನನ್ನು ಸರಿಯಾಗಿ ನೋಡಿದರೆ ಸಾಕು.

ಇನ್ನೊಂದು: ಲೆನೋ, ಲೆಟರ್‌ಮನ್ ಇಬ್ಬರೂ ಹುಟ್ಟಾ ವೈರಿಗಳೆಂಬಂತೆ ಬರೆದಿದ್ದೀರಿ. 1970ರ ದಶಕದಲ್ಲಿ ಲಾಸ್ ಏಂಜಲೀಸಿನ ಕಾಮಿಡಿ ಸ್ಟೋರ್ ಎಂಬ ಹಾಸ್ಯ ಕ್ಲಬ್ಬಿನಲ್ಲಿ ಇಬ್ಬರೂ ಒಟ್ಟಿಗಿದ್ದವರು. ಆಗ ಲೆನೋ ಅವರನ್ನು ನೋಡಿ ಕಲಿಯುತ್ತಿದ್ದೆ ಎಂದು ಲೆಟರ್‌ಮನ್ನೇ ಹೇಳಿಕೊಂಡಿದ್ದಾರೆ. 1980ರ ದಶಕದಲ್ಲಿ ಲೆನೋ ಮನೆಮಾತಾದದ್ದೇ ಲೆಟರ್‌ಮನ್‌ನ ಅತಿಥಿಯಾಗಿ. ಈ ಸಲದ ದೂರೇನು ಎಂದು ಲೆಟರ್‌ಮನ್ ಕೇಳುವುದು, ಲೆನೋ ವಿಮಾನ ಪ್ರಯಾಣದ ಮೇಲೋ ಹೋಟೆಲಿನ ಮೇಲೋ ಹರಿಹಾಯುವುದು, ಲೆಟರ್‌ಮನ್ ತಡೆಯಲಾರದೆ ನಗುವುದು. ಆ ಹಳೆಯ ತುಣುಕುಗಳು ಸಿಗುತ್ತವೆ, ನೋಡಿ. ನೋಡಿದ ಮೇಲೂ ‘ಸಪ್ಪೆ’ ಎಂದು ಬರೆಯಬೇಕೆನಿಸಿದರೆ ಬರೆಯಿರಿ, ನಾನು ತಿದ್ದುವುದಿಲ್ಲ.

ಜನ ಯಾವಾಗಲೂ ಲೆಟರ್‌ಮನ್ ಕಡೆಗಿದ್ದರು ಎಂಬ ವಾಕ್ಯವನ್ನು ಹೊಡೆದುಹಾಕಿದ್ದೇನೆ. 1993ರಿಂದ ಸುಮಾರು ಎರಡು ವರ್ಷ ಅವರು ಮುಂದಿದ್ದರು, ನಂತರ ಬಹುಕಾಲ ಲೆನೋ. ಪೊಲೀಸರ ಕೈಗೆ ಸಿಕ್ಕಿಬಿದ್ದು ಜಗತ್ತಿನೆದುರು ತಲೆತಗ್ಗಿಸಿದ್ದ ನಟ ಹ್ಯೂ ಗ್ರಾಂಟ್ 1995ರ ಜುಲೈ 10ರಂದು ಲೆನೋ ಎದುರು ಕೂತ ರಾತ್ರಿಯಿಂದ ತಕ್ಕಡಿ ವಾಲಿತು ಎಂದು ನೀವು ಬರೆದದ್ದು ಸರಿಯೇ. ಆದರೆ ಎನ್‌ಬಿಸಿಯ ಸಂಜೆಯ ಕಾರ್ಯಕ್ರಮಗಳು ಆ ವರ್ಷಗಳಲ್ಲಿ ಏರುತ್ತಿದ್ದವು, ಸಿಬಿಎಸ್ ಫುಟ್‌ಬಾಲ್ ಪ್ರಸಾರವನ್ನೂ ಹಲವು ಸ್ಟೇಷನ್ನುಗಳನ್ನೂ ಕಳೆದುಕೊಂಡಿತ್ತು ಎಂಬ ಕಾರಣಗಳೂ ಅಷ್ಟೇ ಮುಖ್ಯ. ಇನ್ನು ಲೆನೋ ಆ ರಾತ್ರಿ ಕೇಳಿದ ಪ್ರಸಿದ್ಧ ಪ್ರಶ್ನೆಯನ್ನು ನೀವು ‘ನೀವು ಯಾವ ನರಕವನ್ನು ಯೋಚಿಸುತ್ತಿದ್ದಿರಿ?’ ಎಂದು ಅನುವಾದಿಸಿದ್ದೀರಿ. ನರಕವನ್ನು ಯಾರೂ ಯೋಚಿಸುತ್ತಿರಲಿಲ್ಲ, ಮಾನ್ಯರೇ. ನಿಮ್ಮ ಊರಿನಲ್ಲಿ ಒಬ್ಬ ಹುಡುಗ ಹೀಗೆ ಸಿಕ್ಕಿಬಿದ್ದು ಬಂದರೆ ಜಗಲಿಯ ಮೇಲೆ ಕೂತ ಮಾವ ಏನು ಕೇಳುತ್ತಾನೆ? ‘ನಿನ್ನ ತಲೆಗೆ ಏನಾಗಿತ್ತು ಮಾರಾಯ?’ ಅಷ್ಟೇ. ಸಭೆ ಹೋ ಎಂದದ್ದು ಆ ಸಲಿಗೆಗೆ. ಲೇಖನದಲ್ಲಿರುವ ಉಳಿದ ಆರು ಜೋಕುಗಳನ್ನೂ ಇದೇ ಕಣ್ಣಿನಿಂದ ಮತ್ತೊಮ್ಮೆ ನೋಡಿ. ಕನ್ನಡದಲ್ಲಿ ನಗು ಬರದ ಜೋಕನ್ನು ಹೇಳುವ ಬದಲು ಅದನ್ನು ವರ್ಣಿಸಿ ಮುಂದೆ ಹೋಗುವುದು ಒಳ್ಳೆಯದು.

ನೀವು ಕೈಬಿಟ್ಟ ಇಬ್ಬರನ್ನು ನೆನಪಿಸುತ್ತೇನೆ. ಎಡ್ ಸಲಿವನ್ ಥಿಯೇಟರಿನ ಪಕ್ಕದ ಸ್ಮರಣಿಕೆಗಳ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಬಾಂಗ್ಲಾದೇಶದ ಮುಜಿಬುರ್ ಮತ್ತು ಸಿರಾಜುಲ್ ಅವರನ್ನು ಲೆಟರ್‌ಮನ್ ಕ್ಯಾಮೆರಾ ಮುಂದೆ ತಂದು ಅಮೆರಿಕಕ್ಕೆಲ್ಲ ಪರಿಚಯಿಸಿದರು, ದೇಶ ಸುತ್ತಲು ಕಳಿಸಿದರು. ಅವರೊಂದಿಗೆ ನಗುತ್ತಿದ್ದರೋ, ಅವರ ಇಂಗ್ಲಿಷನ್ನು ನೋಡಿ ನಗುತ್ತಿದ್ದರೋ? ನನಗೆ ಎರಡೂ ಕಾಣುತ್ತದೆ. ಅಮೆರಿಕನ್ ವಿಮರ್ಶಕರಿಗಿಂತ ನೀವು ಬೇರೆಯಾಗಿ ಹೇಳಬಲ್ಲ ಮಾತು ಇಲ್ಲಿದೆ, ಮತ್ತು ನಿಮ್ಮ ನಾಯಕನ ಬಗ್ಗೆ ನಿಮಗೇ ಸ್ವಲ್ಪ ಅನುಮಾನ ಹುಟ್ಟಿದರೆ ಲೇಖನಕ್ಕೆ ಉಸಿರು ಬರುತ್ತದೆ.

ಈಗ ಏಳನೆಯ ಪುಟ. ಕುಂದಾಪುರದ ಕಡೆಯ ಕೊಯ್ಲಾದ ಗದ್ದೆಯಲ್ಲಿ ನಿಮ್ಮ ಅಜ್ಜನ ಜೊತೆ ಜೋಡಾಟ ನೋಡಲು ಹೋದದ್ದನ್ನು, ಅಕ್ಕಪಕ್ಕದ ಎರಡು ರಂಗಸ್ಥಳಗಳಲ್ಲಿ ಎರಡು ಮೇಳಗಳು ಒಂದೇ ಪ್ರಸಂಗವನ್ನು ಒಟ್ಟಿಗೆ ಆಡುತ್ತಿದ್ದಾಗ ಅಜ್ಜ ಆಚೆ ಚಂಡೆ ಜೋರಾದೊಡನೆ ಚಾಪೆ ಎತ್ತಿಕೊಂಡು ಆಚೆಗೂ, ಈಚೆ ವೇಷ ಬಂದೊಡನೆ ಈಚೆಗೂ ಓಡಾಡಿದ್ದನ್ನು, ಬೆಳಗ್ಗೆ ಮನೆಗೆ ಬಂದು ‘ಯಾರು ಗೆದ್ದರೋ ಗೊತ್ತಿಲ್ಲ, ನನಗೆ ಕಾಲು ನೋವು’ ಎಂದದ್ದನ್ನು ನೀವು ಹತ್ತೇ ಸಾಲಿನಲ್ಲಿ ಬರೆದು, ನಾಚಿಕೊಂಡವರಂತೆ ಮತ್ತೆ ರೇಟಿಂಗ್ ಕಡೆಗೆ ತಿರುಗಿದ್ದೀರಿ. ಹನ್ನೊಂದು ಮೂವತ್ತೈದಕ್ಕೆ ರಿಮೋಟು ಹಿಡಿದು ಲೆನೋಗೂ ಲೆಟರ್‌ಮನ್‌ಗೂ ನಡುವೆ ಓಡಾಡಿದ ಅಮೆರಿಕದ ಪ್ರೇಕ್ಷಕ ನಿಮ್ಮ ಅಜ್ಜನ ದಾಯಾದಿಯೇ. ವ್ಯತ್ಯಾಸವೂ ಇದೆ: ಜೋಡಾಟದ ಭಾಗವತನಿಗೆ ಪಕ್ಕದ ಭಾಗವತನ ದನಿ ಕೇಳುತ್ತದೆ, ಅವನು ಅದಕ್ಕೆ ತಕ್ಕಂತೆ ಏರುತ್ತಾನೆ, ಇಲ್ಲಿ ಒಬ್ಬ ನ್ಯೂಯಾರ್ಕಿನಲ್ಲಿ, ಇನ್ನೊಬ್ಬ ಖಂಡದ ಆಚೆ ತುದಿಯ ಬರ್ಬ್ಯಾಂಕಿನಲ್ಲಿ, ನಡುವೆ ಮರುದಿನದ ಅಂಕಿಗಳು ಮಾತ್ರ. ಲೇಖನ ಶುರುವಾಗಬೇಕಾದದ್ದು ಆ ಗದ್ದೆಯಿಂದ. ಅಜ್ಜನನ್ನು ಮಾತ್ರ ಕೊನೆಯಲ್ಲಿ ಮತ್ತೆ ಕರೆತಂದು ಕಣ್ಣೀರು ಹಾಕಿಸಬೇಡಿ.

ನೀವು ನೋಡಿದ್ದು ಹೇಗೆ ಎಂಬುದನ್ನೂ ಮುಚ್ಚಿಡಬೇಡಿ. ನ್ಯೂಯಾರ್ಕಿನಲ್ಲಿ ಹನ್ನೊಂದೂವರೆಯಾದಾಗ ಬೆಂಗಳೂರಿನಲ್ಲಿ, ಋತುವಿಗೆ ತಕ್ಕಂತೆ, ಬೆಳಗಿನ ಒಂಬತ್ತೋ ಹತ್ತೋ ಆಗಿರುತ್ತದೆ. ಯೂಟ್ಯೂಬ್ ತುಣುಕುಗಳನ್ನು ಮೆಟ್ರೋದಲ್ಲಿ ನೋಡಿ ಬರೆದಿದ್ದೇನೆಂದು ನಿಮ್ಮ ಪತ್ರದಲ್ಲಿ ಹೇಳಿದ್ದೀರಿ, ಲೇಖನದಲ್ಲಿ ಹೇಳಿಲ್ಲ. ಅಮೆರಿಕದವರು ದೀಪ ಆರಿಸುವ ಮುನ್ನ ಒಂದು ಗಂಟೆ ಕೂತು ನೋಡಿದ್ದನ್ನು ನೀವು ನಿಂತುಕೊಂಡು ಐದು ನಿಮಿಷ ನೋಡಿದ್ದೀರಿ. ಅದು ಲೇಖಕನ ಕೊರತೆಯೇನಲ್ಲ, ಮುಚ್ಚಿಟ್ಟರೆ ಮಾತ್ರ ಕೊರತೆ.

ಕೋಲ್ಬೇರ್, ಫ್ಯಾಲನ್, ಕಿಮ್ಮೆಲ್ ಭಾಗವನ್ನು ಪೂರ್ತಿ ತೆಗೆಯಿರಿ. ಅದು ಬೇರೆಯೇ ಕಥೆ. 2023ರ ಬರಹಗಾರರ ಮುಷ್ಕರದಲ್ಲಿ ಈ ಮೂವರೂ ಮತ್ತಿಬ್ಬರು ನಿರೂಪಕರೊಡನೆ ಸೇರಿ, ಕೆಲಸವಿಲ್ಲದ ತಮ್ಮ ಸಿಬ್ಬಂದಿಗಾಗಿ ಪಾಡ್‌ಕಾಸ್ಟ್ ನಡೆಸಿದರು. ಕೋಲ್ಬೇರ್ ಕಾರ್ಯಕ್ರಮವನ್ನು 2026ರ ಮೇ ತಿಂಗಳಿಗೆ ನಿಲ್ಲಿಸುವುದಾಗಿ ಸಿಬಿಎಸ್ 2025ರ ಜುಲೈಯಲ್ಲಿ ಪ್ರಕಟಿಸಿದಾಗ, ಎದುರಾಳಿಯಾದ ಫ್ಯಾಲನ್ನೇ ಕೋಲ್ಬೇರ್ ಅವರ ಪ್ರೇಕ್ಷಕರ ನಡುವೆ ಬಂದು ಕೂತರು. ರಂಗಸ್ಥಳ ಹಾಕುವ ಗದ್ದೆಯೇ ಮಾರಾಟಕ್ಕಿರುವಾಗ ಮೇಳಗಳಿಗೆ ಯಾವ ಪೈಪೋಟಿ?

ಎರಡು ಸಾವಿರ ಪದಗಳೊಳಗೆ ಮತ್ತೆ ಬರೆದು ಕಳಿಸಿ. ಹೊಸ ಪ್ರತಿಯಲ್ಲಿ ಪೂರ್ತಿಯಾಗಿ ತೋರಿಸಿದ ಎರಡು ರಾತ್ರಿಗಳಾದರೂ ಇರಲಿ. ಮತ್ತೊಂದು ಸಣ್ಣ ವಿಷಯ: ಲೆನೋ ಅವರ ಹೆಸರು ಮೊದಲ ಪುಟದಲ್ಲಿ ‘ಲೆನೊ’, ಐದನೆಯದರಲ್ಲಿ ‘ಲೀನೋ’, ಕೊನೆಯಲ್ಲಿ ‘ಲೇನೋ’ ಎಂದಾಗಿದೆ. ಬೈಯುವುದಿದ್ದರೂ ಒಂದೇ ಹೆಸರಿನಿಂದ ಬೈಯಿರಿ. ನಮ್ಮ ಕರಡು ತಿದ್ದುವವರು ಅವರನ್ನು ಮೂವರು ಬೇರೆ ಬೇರೆ ನಿರೂಪಕರೆಂದು ತಿಳಿದಿದ್ದರು.

ಇತಿ,
ಸಂಪಾದಕ